ಹನ್ನೊಂದನೆಯ ಕೈ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಮೂಗು ಒಂದಿದೆ ಎಂದಾದರೂ ಒಪ್ಪಿಕೊಂಡ ಹಾಗಾಯಿತು. ಯಾಕೆಂದರೆ ನಮ್ಮ ಹಾಲಿನ ಗೋಡೆಗೆ ತೂಗುಹಾಕಿದ್ದ ಕುಟುಂಬದ ಚಿತ್ರದಲ್ಲಿ ನನ್ನ ಮೂಗಿರಲಿಲ್ಲ. ತಲೆ ಇರಲಿಲ್ಲ, ಮೈ ಇರಲಿಲ್ಲ, ಒಟ್ಟಿನಲ್ಲಿ ನಾನೇ ಇರಲಿಲ್ಲ. ಆ ಚಿತ್ರ ಮಾಡಿದವಳು ಮಾತ್ರ ನಾನೇ.

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಕಟಿಂಗ್ ಮಷೀನ್ ಇದೆ. ಬಣ್ಣದ ಕಾಗದ ಒಳಗೆ ಕೊಟ್ಟರೆ ಸಣ್ಣ ಬ್ಲೇಡು ಅತ್ತಿತ್ತ ಓಡಾಡಿ, ಹೇಳಿದ ಆಕಾರವನ್ನು ಕತ್ತರಿಸಿ ಕೊಡುತ್ತದೆ. ಜನ ಫೋಟೋ ತರುತ್ತಾರೆ. ಫೋಟೋ ಎಂದರೆ ಬರೀ ಚುಕ್ಕಿಗಳು. ಈ ಮಷೀನಿಗೆ ಚುಕ್ಕಿ ತಲೆಗೆ ಹೋಗುವುದಿಲ್ಲ, ಗೆರೆಯೇ ಬೇಕು. ಹಾಗಾಗಿ ಕಂಪ್ಯೂಟರಿನಲ್ಲಿ ಆ ಫೋಟೋವನ್ನು ಐದೋ ಆರೋ ಬಣ್ಣಕ್ಕೆ ಇಳಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಪದರ ಮಾಡಿ, ಅಂಚಿಗೆಲ್ಲ ಗೆರೆ ಎಳೆಸಬೇಕು. ಆಮೇಲೆ ಪದರಕ್ಕೊಂದು ಕಾಗದ ಕತ್ತರಿಸಿ, ನಡುನಡುವೆ ಸ್ಪಂಜಿನ ಚೂರು ಅಂಟಿಸಿ, ಒಂದರ ಮೇಲೊಂದು ಕೂರಿಸಿದರೆ ಜನ ಗೋಡೆಯಿಂದ ಎದ್ದು ಬಂದ ಹಾಗೆ ಕಾಣುತ್ತಾರೆ.

ಇದರಲ್ಲಿ ಎರಡು ತೊಡಕುಂಟು. ಬಣ್ಣ ಕಡಿಮೆ ಮಾಡಿದರೆ ಹತ್ತಿರ ಹತ್ತಿರದ ಬಣ್ಣಗಳನ್ನು ಕಂಪ್ಯೂಟರ್ ಒಂದೇ ಮಾಡಿಬಿಡುತ್ತದೆ. ಮತ್ತೆ, ಇಷ್ಟಕ್ಕಿಂತ ಸಣ್ಣ ಚೂರೆಲ್ಲ ಕಸ ಎಂದು ನಾವು ಒಂದು ಅಳತೆ ಕೊಟ್ಟರೆ, ಆ ಅಳತೆಗಿಂತ ಸಣ್ಣದನ್ನೆಲ್ಲ ಎತ್ತಿ ಬಿಸಾಡುತ್ತದೆ. ಇದಕ್ಕೆ ನಾನು ಗುಡಿಸುವುದು ಎನ್ನುತ್ತೇನೆ. ಗುಡಿಸುವ ಮುಂಚೆ, ಬೇಕಾದ ಕಣ್ಣು, ಮೂಗು, ಬಾಯಿಗಳನ್ನು ಒಂದೊಂದಾಗಿ ಆಯ್ದು ಬೀಗ ಹಾಕಿಡಬೇಕು. ಬೀಗ ಹಾಕದೆ ಗುಡಿಸಿದರೆ ಮುಖಗಳೆಲ್ಲ ಬೋಳು ತಟ್ಟೆಗಳಾಗುತ್ತವೆ.

ಮನೆಯಲ್ಲಿ ನಾವು ಆರು ಜನ. ಅತ್ತೆ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿರುವ ನನ್ನ ಗಂಡ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ. ಮೊಬೈಲ್ ರಿಪೇರಿ ಮಾಡುವ, ತನ್ನ ಮೊಬೈಲಿನಿಂದ ಮಾತ್ರ ತಲೆ ಎತ್ತದ ಮೈದುನ. ದೊಡ್ಡ ಮಾವ, ಎಂದರೆ ತೀರಿಹೋದ ನಮ್ಮ ಮಾವನವರ ಅಣ್ಣ. ಇವರು ಗೋದಾಮಿನಲ್ಲಿ ಮೂವತ್ತು ವರ್ಷ ಮೂಟೆ ಎಣಿಸಿ ನಿವೃತ್ತರಾದವರು, ಈಗಲೂ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೋಲಿನ ತುದಿಯಿಂದ ಎಣಿಸುತ್ತಾರೆ. ಆರನೆಯವಳು ನಾನು.

ಮಾವ ಬಡಗಿಯಾಗಿದ್ದರು. ಗರಗಸಕ್ಕೆ ಎಡಗೈಯ ಕಿರುಬೆರಳು ಕೊಟ್ಟು, ಉಳಿದ ಒಂಬತ್ತರಲ್ಲೇ ಊರಿನ ಅರ್ಧ ಬಾಗಿಲುಗಳನ್ನು ಮಾಡಿದವರು. ಅವರು ಹೋಗಿ ಎರಡು ವರ್ಷವಾಯಿತು. ಕೊನೆಗೆ ಮಾಡಿದ್ದು ಒಂದು ದಪ್ಪನೆಯ ಚೌಕಟ್ಟು. ಅದಕ್ಕೆ ಗಾಜು ಕೂರಿಸಿದರು, ಒಳಗೆ ಏನು ಹಾಕಬೇಕೆಂದು ಹೇಳದೆ ಹೊರಟುಹೋದರು. ಅಂದಿನಿಂದ ಅತ್ತೆ ಅಡುಗೆಮನೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ತಿನ್ನುತ್ತಿದ್ದರು, ಆ ಖಾಲಿ ಚೌಕಟ್ಟಿನ ಎದುರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ನನ್ನ ಕೋಣೆಗೆ ಬಂದು, "ಅದ್ರಲ್ಲಿ ನಮ್ಮನೆಯವರನ್ನೆಲ್ಲ ಕೂರಿಸ್ಕೊಡು. ಎಲ್ಲರೂ ಇರ್ಬೇಕು" ಎಂದರು. ಎರಡು ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅದಕ್ಕೆಂದು ಹಾಲಿಗೆ ಹೊಸ ಬಣ್ಣ ಹೊಡೆಸಿದೆವು. ಯಾವ ಬಣ್ಣ ಎಂದು ಪೇಂಟರ್ ಕೇಳಿದಾಗ, ಹೊರಗೆ ತಂತಿಯ ಮೇಲೆ ಒಣಗುತ್ತಿದ್ದ ನನ್ನ ಉದ್ದ ತೋಳಿನ ಹಳದಿ ಅಂಗಿ ತೋರಿಸಿ ಅತ್ತೆ "ಇಂಥದ್ದು" ಎಂದರಂತೆ. ಬಣ್ಣ ಒಣಗಿದ ಮರುದಿನವೇ ಫೋಟೋ. ನಾನು ಯಾವ ಅಂಗಿ ಹಾಕಿಕೊಂಡಿದ್ದೆ ಎಂದು ಬೇರೆ ಹೇಳಬೇಕೇ? ಅತ್ತೆ, ದೊಡ್ಡ ಮಾವ ಮುಂದೆ ಕುರ್ಚಿಯಲ್ಲಿ, ಉಳಿದವರು ಹಿಂದೆ. ಅತ್ತೆಯ ಹಿಂದೆ, ಗೋಡೆಗೆ ತಲೆಯೆತ್ತರದಲ್ಲಿ ಜಡಿದ ಕಂದು ಬೀರುವಿನ ಮುಂದೆ, ನನಗೆ ಜಾಗ ಬಿಟ್ಟಿದ್ದರು. ನಾನು ಟೈಮರ್ ಒತ್ತಿ ಓಡಿದೆ. ಹತ್ತು ಸೆಕೆಂಡು. ಕುರ್ಚಿಯ ಕಾಲಿಗೆ ಎಡವಿ, ಮುಗ್ಗರಿಸಿ, ಬೀಳುತ್ತಿದ್ದವಳು ಕೈಗೆ ಸಿಕ್ಕಿದ ಅತ್ತೆಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕ್ಲಿಕ್ ಎಂದಿತು. ನನ್ನ ಮುಖ ಅಲುಗಾಡಿ ಮಸುಕಾಗಿತ್ತು, ಬಲಗೈ ಗಾಳಿಯಲ್ಲಿತ್ತು. ಉಳಿದವರೆಲ್ಲ ಚೆನ್ನಾಗಿ ಬಂದಿದ್ದೇವೆ ಎಂದು ಇನ್ನೊಂದು ತೆಗೆಯಲು ಬಿಡಲಿಲ್ಲ.

ಮಾವನವರ ಚೌಕಟ್ಟಿನ ಆಳ ಆರು ಪದರಕ್ಕೆ ಸರಿಯಾಗಿತ್ತು. ಏಳನೆಯದು ಸೇರಿಸಿದರೆ ಗಾಜು ಕೂರುವುದಿಲ್ಲ. ಹಾಗಾಗಿ ಆರೇ ಬಣ್ಣ. ಗೋಡೆಗೊಂದು ತಿಳಿ ಹಳದಿ, ನನ್ನ ಅಂಗಿಗೊಂದು ಗಾಢ ಹಳದಿ, ಬೀರುವಿಗೂ ತಲೆಗೂದಲಿಗೂ ಸೇರಿ ಕಂದು, ಎಲ್ಲರ ಮೈಗೂ ಸೇರಿ ಗೋಧಿ ಬಣ್ಣ, ಅತ್ತೆಯ ಬಟ್ಟೆಗೂ ಗಂಡಸರ ಅಂಗಿಗಳಿಗೂ ಹಸಿರು, ದೊಡ್ಡ ಮಾವನ ಮೀಸೆಗೂ ಇತರ ಚಿಲ್ಲರೆಗೂ ಬಿಳಿ. ಬರೋಬ್ಬರಿ ಆರು. ಇದನ್ನು ಸ್ಕ್ರೀನಿನ ಮೇಲೆ ಮನೆಮಂದಿಗೆ ತೋರಿಸಿದ್ದೇ ತಪ್ಪಾಯಿತು.

"ಅತ್ತಿಗೆ, ನಾನು ಬೀರು ಬಣ್ಣ ಆಗಿದೀನಿ!" ಎಂದು ನಾದಿನಿ ಕಿರುಚಿದಳು. ಅವಳು ಉಟ್ಟಿದ್ದು ನೇರಳೆ. ಕಂಪ್ಯೂಟರ್ ಅದನ್ನು ಕಂದಿಗೆ ಸೇರಿಸಿಬಿಟ್ಟಿತ್ತು. "ನನ್ನ ಕೈಯಲ್ಲಿ ಬೀರು ಬಾಗಿಲಿನ ಹಿಡಿ ಬೇರೆ ಇದೆ. ನೇರಳೆ ಹಾಕದೆ ಇದ್ರೆ ನಾನು ಈ ಮನೇಲೇ ಇರಲ್ಲ."

"ಯಾವುದನ್ನ ತೆಗೀಲಿ? ಬಿಳಿ ತೆಗೀಲಾ?" ಎಂದೆ.

"ನನ್ನ ಮೀಸೆ ಮುಟ್ಟಿದ್ರೆ ನೋಡು!" ಎಂದರು ದೊಡ್ಡ ಮಾವ.

ಅರ್ಧ ದಿನ ಹೀಗೇ ಜಗ್ಗಾಡಿದರು. ನನ್ನ ತಲೆ ಚಿಟ್ಟು ಹಿಡಿಯಿತು. "ಅಯ್ಯೋ ಎರಡೆರಡು ಹಳದಿ ಯಾಕೆ, ಒಂದು ಸಾಕು" ಎಂದು ನಾನೇ, ಇದೇ ಬಾಯಲ್ಲಿ ಹೇಳಿ, ಎರಡು ಹಳದಿಯನ್ನೂ ಒಂದು ಮಾಡಿ ನೇರಳೆಗೆ ಜಾಗ ಕೊಟ್ಟೆ. ಆಮೇಲೆ ಅವಸರದಲ್ಲಿ ಮುಖಗಳಿಗೆ ಬೀಗ ಹಾಕಿದೆ. ಅತ್ತೆ, ದೊಡ್ಡ ಮಾವ, ನನ್ನ ಗಂಡ, ನಾದಿನಿ, ಮೈದುನ. ಐದು. ಎಲ್ಲರೂ ಆದರು ಎಂದು ಕಸದ ಅಳತೆಯನ್ನು ಹೆಬ್ಬೆರಳಿನ ಉಗುರಿನಷ್ಟಿಟ್ಟು ಗುಡಿಸಿದೆ. ಹೌದು, ಬೇರೆ ಯಾರೂ ಅಲ್ಲ, ನಾನೇ ಗುಡಿಸಿದೆ. ಯಾರನ್ನು ಬೈಯಲಿ ಹೇಳಿ?

ಕತ್ತರಿಸಿದ ಕಾಗದದಿಂದ ಬೇಡವಾದದ್ದನ್ನು ಸೂಜಿಯಲ್ಲಿ ಎಬ್ಬಿಸಿ ತೆಗೆಯುವುದು, ಪದರ ಅಂಟಿಸುವುದು ಅತ್ತೆಯ ಕೆಲಸ. ಅವರ ಬೆರಳಿನ ನಾಜೂಕು ನನಗಿಲ್ಲ. ಆರನೆಯ ಪದರ ಅಂಟಿಸಿ, ಸೂಜಿ ಹಿಡಿದುಕೊಂಡೇ ಕೇಳಿದರು, "ಇಷ್ಟೇನಾ? ಇನ್ನೂ ಇದೆಯಾ?"

"ಇಷ್ಟೇ ಅತ್ತೆ."

"ಸರಿಯಾಗಿ ನೋಡು."

"ಇಷ್ಟೇ ಅಂದ್ನಲ್ಲ, ಎಲ್ಲರೂ ಬಂದ್ರು" ಎಂದೆ ತಲೆ ಎತ್ತದೆ.

ಗೋಡೆಗೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಅತ್ತೆಯ ಹಿಂದೆ ಯಾರೂ ಇಲ್ಲ. ನನ್ನ ಅಂಗಿ ಗೋಡೆಯಾಗಿತ್ತು, ಕೂದಲು ಬೀರುವಾಗಿತ್ತು. ಮಸುಕಾಗಿ ಚೂರುಚೂರಾಗಿದ್ದ ಮುಖವೂ ಬಲಗೈಯೂ ಕಸದ ಲೆಕ್ಕಕ್ಕೆ ಹೋಗಿದ್ದವು. ಉಳಿದದ್ದು ಒಂದೇ. ಅತ್ತೆಯ ಹಸಿರು ಭುಜದ ಮೇಲೆ, ಎಲ್ಲಿಂದಲೋ ಬಂದು ಕೂತ ಒಂದು ಎಡಗೈ. ಗಡಿಯಾರದ ಪಟ್ಟಿ, ಉಂಗುರ ಎಲ್ಲ ಗುಡಿಸಿಹೋಗಿದ್ದವು. ನೆರಳಿನ ಗೆರೆಯೊಂದು ಅಡ್ಡ ಬಂದು ಕಿರುಬೆರಳೂ ಬೇರೆ ಚೂರಾಗಿ ಹೋಗಿತ್ತು.

ಯಾರಾದರೂ ಕೇಳಲಿ ಎಂದು ಸುಮ್ಮನೆ ನಿಂತೆ. ಅಯ್ಯೋ, ನೀನೆಲ್ಲಿ? ಎಂದು ಒಬ್ಬರು, ಒಬ್ಬರೇ ಒಬ್ಬರು ಕೇಳಿದರೆ ಸಾಕಿತ್ತು, ನಕ್ಕು ಮತ್ತೆ ಮಾಡುತ್ತಿದ್ದೆ. ನಾದಿನಿ ತನ್ನ ನೇರಳೆ ನೋಡಿಕೊಂಡಳು. ನನ್ನ ಗಂಡ ತನ್ನ ಹೊಟ್ಟೆ ನೋಡಿಕೊಂಡರು. ದೊಡ್ಡ ಮಾವ ಮೀಸೆ ನೋಡಿ, ತೃಪ್ತಿಯಾಗಿ, ಅಭ್ಯಾಸಬಲದಿಂದ ಕೋಲೆತ್ತಿ ಎಣಿಸತೊಡಗಿದರು.

"ತಲೆ ಐದು. ಕೈ... ಎರಡು, ನಾಲ್ಕು, ಆರು, ಎಂಟು, ಹತ್ತು... ಹನ್ನೊಂದು." ಕೋಲು ಅತ್ತೆಯ ಭುಜದ ಮೇಲೆ ನಿಂತಿತು. "ಹನ್ನೊಂದು ಹೇಗಾಯ್ತು?"

ಎಲ್ಲರೂ ಮುಗಿಬಿದ್ದರು. ನನ್ನ ಗಂಡ ಚಿತ್ರದಲ್ಲಿ ಕೈಕಟ್ಟಿ ನಿಂತಿದ್ದರು, ಅವರದಲ್ಲ. ನಾದಿನಿಯ ಒಂದು ಕೈ ಸೊಂಟದ ಮೇಲೆ, ಒಂದು ಬೀರುವಿನ ಹಿಡಿಯ ಮೇಲೆ. ಮೈದುನನ ಎರಡೂ ಕೈ ಮೊಬೈಲಿನ ಮೇಲೆ. ದೊಡ್ಡ ಮಾವನದು ಕೋಲಿನ ಮೇಲೆ, ಅತ್ತೆಯದು ಮಡಿಲಲ್ಲಿ. ಲೆಕ್ಕ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಯಿತು. ನಾನು ಅವರ ಬೆನ್ನ ಹಿಂದೆಯೇ, ಎರಡೂ ಕೈ ಇಟ್ಟುಕೊಂಡು, ಜೀವಂತವಾಗಿ ನಿಂತಿದ್ದೆ.

"ಬೆರಳು ನಾಲ್ಕೇ ಇದೆ" ಎಂದ ಮೈದುನ, ಆ ವರ್ಷ ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿ. "ಕಿರುಬೆರಳಿಲ್ಲ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ನನ್ನನ್ನೊಮ್ಮೆ ನೋಡಿದರು, ದೊಡ್ಡ ಮಾವನನ್ನೊಮ್ಮೆ ನೋಡಿದರು, ಚಿತ್ರ ನೋಡಿದರು. ಆಮೇಲೆ ಮೆಲ್ಲಗೆ, "ಅವರೇ" ಎಂದರು.

"ನೋಡಿದ್ರಾ!" ದೊಡ್ಡ ಮಾವ ಕೋಲಿನಿಂದ ನೆಲ ಕುಟ್ಟಿದರು. "ನನ್ನ ತಮ್ಮ ಬಂದಿದಾನೆ. ಅವನಿಗೇ ಅಂತ ಹಿಂದೆ ಜಾಗ ಬಿಟ್ಟಿದ್ವಲ್ಲ ನಾವು!"

ಆ ಜಾಗ ನನ್ನದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಎರಡು ವರ್ಷದ ಮೇಲೆ ಮೊದಲ ಬಾರಿ ಊಟದ ಮೇಜಿಗೆ ಬಂದು ಕೂತರು. ತಟ್ಟೆಗೆ ಎರಡನೆಯ ಸಲ ಬಡಿಸಿಕೊಂಡರು. ಆ ದಿನ ಹಾಸಿಗೆಯಲ್ಲಿ ಮಲಗಿ ಗೊರಕೆ ಹೊಡೆದರು. ನಾನು ಮಾತು ನುಂಗಿಕೊಂಡೆ. ಹೇಳಿದರೆ ಅತ್ತೆಯ ನಿದ್ದೆ ಹೋಗುತ್ತದೆ, ಹೇಳದಿದ್ದರೆ ನಾನು ಈ ಮನೆಯ ಗೋಡೆ. ಎತ್ತ ತಿರುಗಿದರೂ ಗೋಡೆಯೇ.

ಗಂಡನನ್ನಾದರೂ ಪರೀಕ್ಷೆ ಮಾಡೋಣ ಎಂದು, "ರೀ, ಆ ಚಿತ್ರದಲ್ಲಿ ಎಷ್ಟು ಜನ ಇದೀವಿ?" ಎಂದು ಕೇಳಿದೆ.

"ಐದು. ಅಪ್ಪನ ಕೈ ಸೇರಿಸಿದ್ರೆ ಐದೂ ಚಿಲ್ಲರೆ."

"ಮನೇಲಿ ಎಷ್ಟು ಜನ?"

ಬೆರಳು ಮಡಚಿ ಎಣಿಸಿದರು. "ಆರು. ಇನ್ನೊಬ್ಬರು... ಹಾಂ, ನೀನು! ನೀನು ಫೋಟೋ ತೆಗೀತಿದ್ದೆಯಲ್ಲ."

"ಟೈಮರ್ ಇಟ್ಟು ಓಡ್ಬಂದೆ ಕಣ್ರೀ!"

"ಓಡಿದ್ದು ನೆನಪಿದೆ" ಎಂದು ತಲೆ ಕೆರೆದುಕೊಂಡರು. "ಎಲ್ಲಿಗೆ ಓಡಿದೆ ಅನ್ನೋದೇ ನೆನಪಿಲ್ಲ."

ನಿಮಿಷ ತಪ್ಪಿದ ಬಸ್ಸನ್ನು ಹಿಡಿದು ನಿಲ್ಲಿಸುವ ಮನುಷ್ಯ ಇವರು. ಆ ದಿನ ನಾನು ಇವರೊಂದಿಗೆ ಮಾತು ಬಿಟ್ಟೆ. ಅದೂ ಅವರಿಗೆ ಗೊತ್ತಾಗಲಿಲ್ಲ.

ಕೈಯ ಸುದ್ದಿ ಬೀದಿಗೆಲ್ಲ ಹಬ್ಬಿತು. ಮೊದಲು ಬಂದವಳು ಮೂಲೆಯ ಇಸ್ತ್ರಿ ಅಂಗಡಿಯವಳು. ಅರ್ಧ ಗಂಟೆ ನಿಂತು ನೋಡಿ ಕಣ್ಣೊರೆಸಿಕೊಂಡು ಹೋದಳು. ಆಮೇಲೆ ಹಾಲಿನವನು, ಔಷಧಿ ಅಂಗಡಿಯವರು, ಎದುರು ಮನೆಯವರು ತಮ್ಮ ನೆಂಟರನ್ನೂ ಕರೆದುಕೊಂಡು. ಕೊನೆಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಭೂತಗನ್ನಡಿ ಹಿಡಿದು ಬಂದರು. ಗಾಜಿಗೆ ಮೂಗು ತಾಗಿಸಿ ನೋಡಿ ತೀರ್ಪು ಕೊಟ್ಟರು, "ಸಂದೇಹವೇ ಬೇಡ. ಇದು ಗಂಡಸಿನ ಕೈ. ದುಡಿದು ದುಡಿದು ಒರಟಾದ ಕೈ. ವಯಸ್ಸು ಅರವತ್ತೈದಕ್ಕೆ ಕಮ್ಮಿ ಇಲ್ಲ."

ನನಗೆ ಮೂವತ್ತನಾಲ್ಕು. ಅದೇ ಕೈಯಲ್ಲಿ ಅವರಿಗೆ ನೀರಿನ ಲೋಟ ಚಾಚಿಕೊಂಡು ನಿಂತಿದ್ದೆ. ತೆಗೆದುಕೊಂಡು ಕುಡಿದು, "ಎಂಥ ಗಾಂಭೀರ್ಯ!" ಎಂದರು, ಗೋಡೆಯ ಕೈಗೆ. ಲೋಟ ಅವರ ತಲೆಯ ಮೇಲೆ ಕವುಚೋಣ ಎನ್ನಿಸಿತು.

ಮನೆಯೊಳಗೆ ಬೇರೆ ಗಲಾಟೆ ಶುರುವಾಯಿತು. ನಾದಿನಿ ಮುಖ ಊದಿಸಿಕೊಂಡಳು. "ಅಮ್ಮನ ಭುಜದ ಮೇಲೆ ಮಾತ್ರ ಯಾಕೆ? ನಾನು ಅಪ್ಪನ ಮುದ್ದಿನ ಮಗಳಲ್ವಾ? ಅತ್ತಿಗೆ, ನನಗೂ ಒಂದು ಹಾಕಿ." ದೊಡ್ಡ ಮಾವ ಊಟ ಬಿಟ್ಟು ಕೂತರು. "ಅವನನ್ನ ಎತ್ತಿ ಆಡಿಸಿದೋನು ನಾನು. ನನ್ನ ಭುಜ ಏನು ಪಾಪ ಮಾಡಿತ್ತು?" ಫೈಲ್ ತೆರೆದು ನನ್ನ ಕೈಯನ್ನೇ ನಕಲು ಮಾಡಿ ಕತ್ತರಿಸಿ, ದೊಡ್ಡ ಮಾವನ ಭುಜಕ್ಕೊಂದು, ನಾದಿನಿಯ ಭುಜಕ್ಕೊಂದು ಕೊಡಬೇಕಾಯಿತು; ಗಾಜಿನ ಹೊರಗೇ ಅಂಟಿಸಿಕೊಂಡರು. ಮೈದುನ ತನಗೆ ಮೊಬೈಲಿನ ಹಿಂಬದಿಗೆ ಕೇಳಿದ. ನನ್ನ ಗಂಡ ಸಂಕೋಚಪಡುತ್ತಾ, "ನನಗೆ ಬೆನ್ನ ಮೇಲೆ ಇರ್ಲಿ" ಎಂದರು.

"ನಿಮ್ಮಪ್ಪನಿಗೆ ಎಡಗೈ ಎಷ್ಟಿತ್ರೀ?" ಎಂದು ಕೇಳಿದೆ. ಯಾರಿಗೂ ಆ ಪ್ರಶ್ನೆ ಹಿಡಿಸಲಿಲ್ಲ.

ಆಮೇಲೆ ಬೀದಿಯವರು ಸಾಲುಗಟ್ಟಿದರು. ಎಲ್ಲರ ಕೈಯಲ್ಲೂ ತಮ್ಮ ತಮ್ಮ ಮನೆಯ ಫೋಟೋ, ಎಲ್ಲರಿಗೂ ಭುಜದ ಮೇಲೆ ಒಂದು ಕೈ ಬೇಕು. ಇಸ್ತ್ರಿಯವಳು ತನ್ನ ಅಮ್ಮನ ಕೈ ಬೇಕೆಂದಳು. "ನಮ್ಮಮ್ಮಂಗೆ ಐದೂ ಬೆರಳಿತ್ತು ಕಣಮ್ಮ, ಒಂದು ಸೇರಿಸ್ಬಿಡಿ." ಔಷಧಿ ಅಂಗಡಿಯವರು ಗುಟ್ಟಾಗಿ ನನ್ನನ್ನು ಪಕ್ಕಕ್ಕೆ ಕರೆದು, "ನನಗೆ ಭುಜದ ಮೇಲೆ ಬೇಡಮ್ಮ. ತಲೆ ಹಿಂದೆ, ಹೊಡೆಯೋಕೆ ಬಂದ ಹಾಗೆ ಇರ್ಲಿ. ಇಲ್ದೆ ಇದ್ರೆ ಅದು ನಮ್ಮಪ್ಪ ಅಂತ ಮನೇಲಿ ಯಾರೂ ನಂಬಲ್ಲ" ಎಂದರು. ಹಾಗೇ ಮಾಡಿಕೊಟ್ಟೆ, ನೋಡಿ ಗಳಗಳನೆ ಅತ್ತರು. ಹದಿನೈದು ದಿನದಲ್ಲಿ ಗೋಧಿ ಬಣ್ಣದ ಕಾಗದ ಮೂರು ಕಟ್ಟು ಖಾಲಿಯಾಯಿತು. ಇಡೀ ಬೀದಿಯ ಗೋಡೆಗಳ ಮೇಲೆ ನನ್ನ ಕೈ ಇತ್ತು. ನಾನು ಎಲ್ಲೂ ಇರಲಿಲ್ಲ.

ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ. ಮದುವೆಯಾಗಿ ಹನ್ನೊಂದು ವರ್ಷ. ಆ ಚೌಕಟ್ಟಿನೊಳಗೆ ಕಾಲಿಡಲು ಒಂದು ಅಂಗುಲ ಜಾಗ ಬೇಕಿತ್ತು, ಅಷ್ಟೆ. ಕೇಳದೇ ಸಿಗಬೇಕಿತ್ತು. ಕೇಳಿ ಪಡೆಯುವುದಾದರೆ ಅದು ಯಾವ ಸೀಮೆಯ ಕುಟುಂಬ?

ಒಂದು ಭಾನುವಾರ ಬೆಳಿಗ್ಗೆ ದೊಡ್ಡ ಮಾವ ಎಲ್ಲರನ್ನೂ ಹಾಲಿಗೆ ಕರೆದರು. ಊರೂರಿನ ನೆಂಟರಿಗೆಲ್ಲ ಕಳಿಸಲು ಆ ಚಿತ್ರದ ಮೂವತ್ತು ನಕಲು ಬೇಕು ಎಂದರು. ಚಿತ್ರದ ಕೆಳಗೆ ನಿಂತು ಕೋಲು ಎತ್ತಿ ಹೇಳಿದರು, "ಇರೋರೆಲ್ಲ ಇದಾರೆ. ಹೋದೋನೂ ಇದಾನೆ. ಒಬ್ಬರೂ ಬಿಟ್ಟಿಲ್ಲ. ಲೆಕ್ಕ ಅಂದ್ರೆ ಇದು!"

ಎಲ್ಲರೂ ತಲೆಯಾಡಿಸಿದರು. ಅತ್ತೆ ಮಾತ್ರ ಅಡುಗೆಮನೆಗೆ ಎದ್ದುಹೋದರು. ನನ್ನ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಕೋಪದ್ದೋ ದುಃಖದ್ದೋ ಎಂದು ಕೇಳಬೇಡಿ, ನನ್ನಲ್ಲಿ ಎರಡೂ ಒಂದೇ ನಲ್ಲಿಯಲ್ಲಿ ಬರುತ್ತವೆ.

ಮಧ್ಯಾಹ್ನ ಮೂವತ್ತು ನಕಲಿಗೆ ಕಾಗದ ತರುತ್ತೇವೆಂದು ಎಲ್ಲರೂ ಮೆರವಣಿಗೆಯಂತೆ ಹೊರಟುಹೋದರು. ಅತ್ತೆ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದರು. ನಾನು ಹಳೆಯ ಫೋಟೋ ತೆರೆದೆ. ಕಸದಲ್ಲಿದ್ದ ನನ್ನನ್ನು ಚೂರುಚೂರಾಗಿ ಆರಿಸಿದೆ. ಹುಬ್ಬು, ಅರ್ಧ ಮೂಗು, ತೆರೆದ ಬಾಯಿ, ಗಾಳಿಯಲ್ಲಿದ್ದ ಬಲಗೈ. ಎಲ್ಲವನ್ನೂ ಜೋಡಿಸಿ, ಗೆರೆ ಎಳೆದು, ಬೀಗ ಹಾಕಿದೆ. ಅಂಗಿಗೆ ಕಿತ್ತಳೆ ಬಣ್ಣದ ಕಾಗದ ಹಾಕಿದೆ; ಹಳದಿಯ ಸಹವಾಸ ಸಾಕಾಗಿತ್ತು. ಮಷೀನು ಕರಕರ ಎಂದು ನನ್ನನ್ನು ಕತ್ತರಿಸಿತು. ಎಡತೋಳು ನೇರವಾಗಿ ಅತ್ತೆಯ ಭುಜದವರೆಗೆ ಹೋಗುತ್ತಿತ್ತು. ಅಂಟಿಸಿದ ಕೂಡಲೇ ಕೈ ಯಾರದೆಂದು ಕುರುಡರಿಗೂ ತಿಳಿಯುತ್ತದೆ. ತಿಳಿಯಲಿ ಎಂದೇ ಹಲ್ಲು ಕಚ್ಚಿ, ಸ್ಟೂಲ್ ಹತ್ತಿ, ಚೌಕಟ್ಟು ಇಳಿಸಿ, ಹಿಂದಿನ ಮೊಳೆಗಳನ್ನು ಕಿತ್ತೆ.

"ಮೊಳೆ ಎಲ್ಲಾ ಒಂದು ಕಡೆ ಇಡು. ಕಾಲಿಗೆ ಚುಚ್ಚುತ್ತೆ" ಎಂದಿತು ಹಿಂದಿನಿಂದ ಧ್ವನಿ.

ಅತ್ತೆ. ಮಡಚಿದ ಬಟ್ಟೆ ತೋಳಿನ ಮೇಲಿತ್ತು. ನನ್ನ ಕೈಯಲ್ಲಿದ್ದ ಕಿತ್ತಳೆ ಬಣ್ಣದ ನನ್ನನ್ನು ನೋಡಿದರು. ಇನ್ನು ಮುಚ್ಚಿಡುವುದೇನಿದೆ? "ಅತ್ತೆ, ಅದು ನನ್ನ ಕೈ" ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು.

"ಗೊತ್ತು" ಎಂದರು.

"ಯಾವತ್ತಿಂದ?"

"ನೀನು ಇಟ್ಟ ದಿನದಿಂದ. ನನ್ನ ಭುಜ ಏನು ಕುರ್ಚಿ ಬೆನ್ನಾ, ಯಾರು ಹಿಡ್ಕೊಂಡ್ರು ಅಂತ ಗೊತ್ತಾಗದೆ ಇರೋಕೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಮತ್ತೆ ಅವತ್ತು ಯಾಕೆ ಹಾಗಂದ್ರಿ? ನಾನು ಅಲ್ಲೇ ನಿಂತಿದ್ದೆನಲ್ಲ!"

ಅತ್ತೆ ಬಟ್ಟೆ ಕೆಳಗಿಟ್ಟು ಕೂತರು. "ಇಷ್ಟೇನಾ ಅಂತ ನಿನ್ನ ಎರಡು ಸಲ ಕೇಳ್ದೆ. ಎಲ್ಲರೂ ಬಂದ್ರು ಅಂದೆ. ನಿನಗೇ ನಮ್ಮ ಜೊತೆ ನಿಲ್ಲೋಕೆ ಇಷ್ಟ ಇಲ್ವೇನೋ, ಬೇಕು ಅಂತಲೇ ಬಿಟ್ಟಿದೀಯೇನೋ ಅಂದ್ಕೊಂಡೆ. ಅಷ್ಟು ಹೊತ್ತಿಗೆ ಭಾವ ಕೈ ಎಣಿಸಿದ್ರು. ಸೊಸೆ ಕೈ ಅನ್ನೋಣ ಅಂತ ಬಾಯಿ ತೆರೆದೆ. ಅವರ ಮುಖ ನೋಡ್ದೆ. ಸೊಸೆ ಅತ್ತೆ ಭುಜದ ಮೇಲೆ ಕೈ ಇಟ್ಟಳು ಅಂದ್ರೆ ಈ ಬೀದೀಲಿ ಯಾರೇ ನಂಬ್ತಾರೆ? ಸತ್ತೋರು ಬಂದು ಇಟ್ರು ಅಂದೆ. ಒಬ್ಬರೂ ಮರುಮಾತಾಡಲಿಲ್ಲ."

ನಗು ಬಂತು, ಅಳು ಬಂತು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ. "ನಾನು ಬೀಳ್ತಿದ್ದೆ ಅತ್ತೆ" ಎಂದೆ. "ಪ್ರೀತಿಗೇನೂ ಅಲ್ಲ. ಎಡವಿ ಹಿಡ್ಕೊಂಡಿದ್ದು."

"ಅದೂ ಗೊತ್ತು. ಆದ್ರೆ ಫೋಟೋ ಆದ್ಮೇಲೂ ನೀನು ತೆಗೀಲಿಲ್ಲ. ಎಲ್ಲರೂ ಎದ್ದು ಹೋದ್ರು, ನಿನ್ನ ಕೈ ಇಲ್ಲೇ ಇತ್ತು." ಅತ್ತೆ ತಮ್ಮ ಎಡಭುಜ ಮುಟ್ಟಿಕೊಂಡರು. "ನಿಮ್ಮ ಮಾವ ಒಳ್ಳೆಯವರು. ಆದ್ರೆ ಕೈ ಇಟ್ಟಿದ್ದೆಲ್ಲ ಮರದ ಮೇಲೆ. ನಲವತ್ತು ವರ್ಷದಲ್ಲಿ ಹೀಗೆ ಒಂದು ದಿನ ಇಡಲಿಲ್ಲ."

ನಾನು ತಲೆ ತಗ್ಗಿಸಿದೆ. ಆ ಕಿತ್ತಳೆ ಕಾಗದ ಮಡಚಿ ಎಸೆದುಬಿಡೋಣ ಎನ್ನಿಸಿತು. "ಹೇಗೂ ಹಿಡಿಯಲ್ಲ ಬಿಡಿ. ಇದು ಏಳನೇದು. ಗಾಜು ಕೂರಲ್ಲ."

"ಚೌಕಟ್ಟು ಯಾವುದ್ರದ್ದು?"

"ಮರದ್ದು."

"ಮರ ಕೆತ್ತೋಕೆ ಬರಲ್ವಾ?" ಎನ್ನುತ್ತಾ ಎದ್ದು, ಬೀರು ತೆರೆದು ಮಾವನವರ ಉಳಿ ತೆಗೆದರು. ನೆಲದ ಮೇಲೆ ಕೂತು, ಚೌಕಟ್ಟನ್ನು ಎರಡು ಪಾದದ ನಡುವೆ ಹಿಡಿದು, ಒಳ ಅಂಚನ್ನು ಸುತ್ತಲೂ ಕಾಗದದಷ್ಟು, ಸ್ಪಂಜಿನಷ್ಟು ಕೆತ್ತಿದರು. ಸುರುಳಿ ಸುರುಳಿ ಸಿಪ್ಪೆ ಬಿತ್ತು. ಹನ್ನೊಂದು ವರ್ಷದಿಂದ ಇವರಿಗೆ ಸೂಜಿ ಮಾತ್ರ ಹಿಡಿಯಲು ಬರುತ್ತದೆ ಎಂದುಕೊಂಡಿದ್ದೆನಲ್ಲ, ನನ್ನ ಕಣ್ಣಿಗೂ ಗುಡಿಸುವ ರೋಗವಿತ್ತು.

"ಒಂದು ಮಾತು" ಎಂದರು, ಉಳಿ ಕೆಳಗಿಟ್ಟು. "ನೀನು ಬಾ. ಆದ್ರೆ ಆ ಕೈಗೆ ತೋಳು ಅಂಟಿಸ್ಬೇಡ. ಅದು ಹಾಗೇ ಇರ್ಲಿ."

"ಯಾಕೆ?"

"ಬೀದಿಗೆಲ್ಲ ಹಂಚಿದೀಯಲ್ಲೇ. ಇದು ನಿನ್ನ ಕೈ ಅಂತ ಆದ್ರೆ ಅವರ ಮನೇಲಿರೋದೂ ನಿನ್ನದೇ ಆಗುತ್ತೆ. ಇಸ್ತ್ರಿಯವಳ ಅಮ್ಮ ಈಗ ತಾನೇ ಬಂದಿದಾಳೆ. ಮತ್ತೆ ಕಳಿಸ್ಬೇಡ."

ನಾನು ಕತ್ತರಿ ತೆಗೆದುಕೊಂಡು ನನ್ನ ಎಡತೋಳನ್ನು ಭುಜದ ಹತ್ತಿರ ಕತ್ತರಿಸಿದೆ. ಅತ್ತೆ ಸ್ಪಂಜಿನ ಚೂರು ಅಂಟಿಸಿ, ನನ್ನನ್ನು ತಮ್ಮ ಹಿಂದೆ ನಿಲ್ಲಿಸಿದರು. ಗಾಜಿನ ಹೊರಗೆ ಅಂಟಿದ್ದ ಬೇರೆ ಕೈಗಳನ್ನು ಉಗುರಿನಿಂದ ಕೆರೆದು ತೆಗೆದರು. ಗಾಜು ಟಪ್ಪೆಂದು ಕೂತಿತು.

ಸಂಜೆ ಎಲ್ಲರೂ ಕಾಗದದ ಕಟ್ಟು ಹೊತ್ತು ಬಂದರು. ಚಪ್ಪಲಿ ಬಿಡುತ್ತಲೇ ದೊಡ್ಡ ಮಾವನ ಕಣ್ಣು ಗೋಡೆಗೆ ಹೋಯಿತು. ಕಿತ್ತಳೆ ಅಂಗಿಯಲ್ಲಿ ಬಾಯಿ ತೆರೆದುಕೊಂಡು, ಬಲಗೈ ಮೇಲೆತ್ತಿಕೊಂಡು ನಾನು ಎಲ್ಲರ ನಡುವೆ ನಿಂತಿದ್ದೆ. ನೀನು ಯಾವಾಗ ಬಂದೆ ಎಂದು ಕೇಳುತ್ತಾರೆ, ಇಷ್ಟು ದಿನ ಇರಲಿಲ್ಲವೇ ಎಂದು ಕೇಳುತ್ತಾರೆ ಎಂದು ಕಾದೆ. ತಮ್ಮ ಭುಜದ ಮೇಲಿನ ಕೈ ಹೋದದ್ದನ್ನೂ ಗಮನಿಸದೆ ಅವರು ಕೋಲೆತ್ತಿದರು.

"ತಲೆ ಆರು. ಕೈ... ಹತ್ತು, ಹನ್ನೊಂದು, ಹನ್ನೆರಡು. ಆರು ಜನ, ಹನ್ನೆರಡು ಕೈ. ಲೆಕ್ಕ ಸರಿಯಾಗಿದೆ." ಎರಡು ಹೆಜ್ಜೆ ಹೋದವರು ಗಕ್ಕನೆ ನಿಂತು ತಿರುಗಿದರು. "ಅಲ್ಲ, ತಡಿ. ಹನ್ನೆರಡರಲ್ಲಿ ತಮ್ಮನದೊಂದು ಕಳೆದ್ರೆ ಹನ್ನೊಂದೇ. ಒಂದು ಕಮ್ಮಿ ಬಂತಲ್ಲ!"

"ಅತ್ತಿಗೆಗೆ ಒಂದೇ ಕೈ!" ಎಂದಳು ನಾದಿನಿ.

"ಹೌದಲ್ಲಾ!" ಎಂದರು ನನ್ನ ಗಂಡ, ಗಾಬರಿಯಾಗಿ. ಚಿತ್ರದಲ್ಲಿದ್ದ ನನ್ನನ್ನೂ ಎದುರಿಗಿದ್ದ ನನ್ನನ್ನೂ ತಿರುತಿರುಗಿ ನೋಡಿದರು. "ಏ, ನಿನ್ನ ಎಡಗೈ ಎಲ್ಲಿ ಹೋಯ್ತೇ?"

ಇಡೀ ನಾನು ಹದಿನೈದು ದಿನ ಇಲ್ಲದಿದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಈಗ ಒಂದು ಕೈ ಇಲ್ಲವೆಂದು ಮೂವರೂ ಸೇರಿ ಚಿತ್ರದ ಕುರ್ಚಿಯ ಹಿಂದೆ, ಬೀರುವಿನ ಪಕ್ಕ ಹುಡುಕುತ್ತಿದ್ದರು. ಮೈದುನ ಮೊಬೈಲಿನ ಬೆಳಕು ಬಿಟ್ಟು ಹಿಡಿದುಕೊಂಡಿದ್ದ.

ಅತ್ತೆ ಮೇಜಿನ ಮೇಲೆ ಆರು ತಟ್ಟೆ ಇಡುತ್ತಿದ್ದರು. ತಲೆ ಎತ್ತದೆ ಹೇಳಿದರು, "ಅದು ನನ್ನ ಹತ್ರ ಇದೆ ಭಾವ. ನೀವು ಊಟಕ್ಕೆ ಬನ್ನಿ."

ಯಾರಿಗೂ ಅರ್ಥವಾಗಲಿಲ್ಲ. ಎಲ್ಲರಿಗೂ ಹಸಿವಾಗಿತ್ತು, ಬಂದು ಕೂತರು. ಅತ್ತೆ ಬಡಿಸಲು ಬಗ್ಗಿದಾಗ ನಾನು ಅವರ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಎಲ್ಲರಿಗೂ ಬಡಿಸಿದೆ.